ಕೊಲರಾಡೋ ಕಂದರಗಳೂ ಕ್ಯಾಮರಾವೂ

ಈ ಹೊತ್ತು ನಮ್ಮ ಪಾಲಿಗೆ ಬಂದಿರುವ ಕೆಲಸ ಕೊಂಚ ವಿಲಕ್ಷಣವಾದುದು. ಕಣ್ಣಿನಿಂದ ತಿಳಿಯಬೇಕಾದ ವಿಷಯವನ್ನು ಕಿವಿಯ ಮೂಲಕ ಮುಟ್ಟಿಸಬೇಕಾಗಿದೆ. ಛಾಯಾಚಿತ್ರಗಳನ್ನು ಕುರಿತು ಮಾತನಾಡುವವರು ನಾಲ್ಕು ಚಿತ್ರಗಳನ್ನಾದರೂ ಮುಂದಿಟ್ಟುಕೊಂಡು ತೋರಿಸುತ್ತ ಹೋಗುವುದು ವಾಡಿಕೆ. ನಮಗೆ ಆ ಅನುಕೂಲವಿಲ್ಲ. ಆದರೆ ನಾವು ಹೇಳಹೊರಟಿರುವುದು ಚಿತ್ರಗಳ ಅಂದಚೆಂದವನ್ನಲ್ಲ. ಅವುಗಳನ್ನು ತೆಗೆದವರು ಯಾವ ಉದ್ದೇಶದಿಂದ ತೆಗೆದರು, ಕಾಲಾಂತರದಲ್ಲಿ ಅವು ಯಾವ ಉಪಯೋಗಕ್ಕೆ ಬಂದುವು ಎಂಬುದನ್ನು. ಇದಕ್ಕೆ ಮಾತು ಸಾಕೆಂದು ನಂಬಿದ್ದೇವೆ.

ಅಮೆರಿಕಾ ಸಂಯುಕ್ತ ಸಂಸ್ಥಾನದ ನೈಋತ್ಯ ಮೂಲೆಯಲ್ಲಿ ಆರಿಜೋನಾ, ಯೂಟಾ, ನ್ಯೂ ಮೆಕ್ಸಿಕೋ ಮೊದಲಾದ ಪ್ರಾಂತಗಳಿಗೆ ಸೇರಿದ ವಿಸ್ತಾರವಾದ ಮರುಭೂಮಿಯೊಂದಿದೆ. ಮರುಭೂಮಿಯೆಂದ ಕೂಡಲೆ ನಮ್ಮ ಮನಸ್ಸಿಗೆ ತೋರುವುದು ಮರಳು ಮತ್ತು ಒಂಟೆ. ಇಲ್ಲಿ ಮುಖ್ಯವಾಗಿ ಕಾಣುವುದು ಕಲ್ಲು. ಕೆಂಪು, ಹಳದಿ, ಬೂದು ಬಣ್ಣಗಳಲ್ಲಿ ಪದರಪದರವಾಗಿ ಹಾಸಿದ ಕಲ್ಲು. ರಾಕಿ ಪರ್ವತಗಳಲ್ಲಿ ಹುಟ್ಟುವ ಕೊಲರಾಡೋ ನದಿಯು ಸುಮಾರು ೧,೪೫೦ ಮೈಲಿಗಳ ತನ್ನ ಪ್ರಯಾಣದಲ್ಲಿ ಈ ಕಲ್ಲನ್ನು ಕೊರೆದು ಕಂದರದ ಮೇಲೆ ಕಂದರವನ್ನು ಮಾಡಿಕೊಂಡಿದೆ. ಅವುಗಳಲ್ಲಿ ಹಿರಿಯದು ಗ್ರಾಂಡ್ ಕ್ಯಾನಿಯನ್. ನದಿಯ ಜಾಡಿನಲ್ಲಿ ಅಳೆದರೆ ಅದರ ಉದ್ದ ೨೭೭ ಮೈಲಿ. ಅಗಲ ಕೆಲವೆಡೆ ೧೮ ಮೈಲಿಯವರೆಗೆ. ಆಳ ಸುಮಾರು ಒಂದು ಮೈಲಿ. ಮೇಲಿನ ಅಂಚಿನ ಸುಣ್ಣಕಲ್ಲು ಸುಮಾರು ೨೭ ಕೋಟಿ ವರ್ಷ ಹಿಂದಿನದು. ತಳದಲ್ಲಿ ನದಿಯ ಪಕ್ಕದ ಕಪ್ಪುಕಲ್ಲು ಸುಮಾರು ೧೭೫ ಕೋಟಿ ವರ್ಷ ಹಿಂದಿನದು.

ಆ ತಳದ ಕಪ್ಪುಕಲ್ಲಿಗೆ ಭೂಗರ್ಭಶಾಸ್ತ್ರಜ್ಞರು ಇಟ್ಟಿರುವ ಹೆಸರು ಏನೆಂದು ತಾವು ಊಹಿಸಲಾರಿರಿ. ಅದು ವಿಷ್ಣುಶಿಲೆ. ಅಷ್ಟೇ ಅಲ್ಲ, ಕಂದರದ ನಡುವೆ ಗೋಪುರಗಳಂತೆ ನಿಂತ ಶಿಖರಗಳಲ್ಲಿ ಒಂದು ವಿಷ್ಣು ದೇವಾಲಯ, ಒಂದು ಬ್ರಹ್ಮ ದೇವಾಲಯ, ಒಂದು ಶಿವ ದೇವಾಲಯ. ಕೃಷ್ಣನಿಗೂ ರಾಮನಿಗೂ ಒಂದೊಂದು ಚಿಕ್ಕ ಗುಡಿ ಉಂಟು. ೧೮೮೦ರ ಸುಮಾರಿನಲ್ಲಿ ಅಲ್ಲಿ ಮೋಜಣಿ ಮಾಡಿದ ಕ್ಲಾರೆನ್ಸ್ ಡಟನ್ ಎಂಬ ವಿದ್ವಾಂಸನಿಗೆ ಆ ಶಿಲಾಸ್ತೂಪಗಳನ್ನು ನೋಡಿ ಪೂರ್ವದೇಶಗಳ ದೇವಾಲಯಗಳ ನೆನಪಾಯಿತು. ಅವನು ತೊಡಗಿದ ವಾಡಿಕೆಯನ್ನು ಇತರರು ಮುಂದುವರಿಸಿದರು. ಅಷ್ಟು ದೂರ ಹೋದ ಕನ್ನಡಿಗನಿಗೆ ಭೂಪಟದಲ್ಲಿ ಈ ಹೆಸರುಗಳನ್ನು ಕಂಡು ಸಂತೋಷವಾಗುವುದು ಸಹಜವೇ. ಆದರೆ ಆ ಶಿಖರಗಳನ್ನು ಎಷ್ಟೋ ತಲೆಮಾರುಗಳಿಂದ ಬಲ್ಲ ಹವಸುಪಾಯ್, ಹೋಪಿ, ನವಾಹೋ ಜನರನ್ನು ಯಾರೂ ಹೆಸರು ಕೇಳಲಿಲ್ಲವೆಂಬುದನ್ನೂ ಸಂತೋಷದ ಜತೆಯಲ್ಲಿಯೇ ನೆನೆಯಬೇಕಾಗುತ್ತದೆ.

ನಾವು ಮೊದಲ ಸಲ ದಕ್ಷಿಣದ ಅಂಚಿನಲ್ಲಿ ನಿಂತದ್ದು ನಡುಹಗಲಿನಲ್ಲಿ. ಕೈಯಲ್ಲಿ ಒಳ್ಳೆಯ ಕ್ಯಾಮರಾ ಇತ್ತು. ತೆಗೆದ ಚಿತ್ರಗಳಿಗೂ ಲೆಕ್ಕವಿರಲಿಲ್ಲ. ಸಂಜೆ ಬಿಡಾರಕ್ಕೆ ಬಂದು ನೋಡಿದರೆ ಒಂದಾದರೂ ನಾವು ಕಂಡ ಕಂದರವಾಗಿರಲಿಲ್ಲ. ಒಂದು ಮೈಲಿ ಆಳದ ಆ ಬಿಲವು ಬೋಗುಣಿಯಂತೆ ಕಾಣುತ್ತಿತ್ತು. ನಮ್ಮ ಸಂಗಡ ಬಂದಿದ್ದ ಮಿತ್ರರು, ಈ ಕಸುಬಿನಲ್ಲಿ ನುರಿತವರು, ಚಿತ್ರಗಳನ್ನು ನೋಡಿ ನಕ್ಕು, "ತಪ್ಪು ತಮ್ಮದಲ್ಲ, ಇಲ್ಲಿಯ ಗಾಳಿಯದು" ಎಂದರು. ಅವರು ಹೇಳಿದ ಕಾರಣ ಹೀಗಿದೆ. ನಮ್ಮ ಮಲೆನಾಡಿನಲ್ಲಿ ಬೆಟ್ಟದ ಹಿಂದೆ ಬೆಟ್ಟ ಕಾಣುವಾಗ ದೂರದ್ದು ಮಸುಕಾಗಿ, ಇನ್ನೂ ದೂರದ್ದು ಬರಿಯ ನೀಲಿಯ ಗೆರೆಯಾಗಿ ತೋರುತ್ತದೆ. ಗಾಳಿಯಲ್ಲಿರುವ ತೇವವೇ ನಮಗೆ ದೂರವನ್ನು ತಿಳಿಸುವ ಅಳತೆಗೋಲು. ಮರುಭೂಮಿಯ ಒಣಗಾಳಿಯಲ್ಲಿ ಈ ಅಳತೆಗೋಲು ಇಲ್ಲ. ಹತ್ತು ಮೈಲಿ ಆಚೆಯ ಬಂಡೆಯೂ ಒಂದು ಮೈಲಿಯ ಬಂಡೆಯೂ ಒಂದೇ ಸ್ಪಷ್ಟತೆಯಿಂದ ಬಂದು ಒಂದರ ಮೇಲೊಂದು ಅಂಟಿಕೊಳ್ಳುತ್ತವೆ. ಅದರ ಮೇಲೆ ನೆತ್ತಿಯ ಸೂರ್ಯನು ನೆರಳುಗಳನ್ನೆಲ್ಲ ನುಂಗಿಬಿಟ್ಟರೆ ಕ್ಯಾಮರಾಕ್ಕೆ ಹಿಡಿಯಲು ಉಳಿಯುವುದೇನು? ಬೆಳಗಿನ ಮೊದಲ ತಾಸು, ಸಂಜೆಯ ಕಡೆಯ ತಾಸು, ಇಲ್ಲವೆ ಮಳೆಮೋಡಗಳು ಅಡ್ಡಾಡುವ ಹೊತ್ತು, ಇವೇ ಅಲ್ಲಿ ಚಿತ್ರ ತೆಗೆಯತಕ್ಕ ವೇಳೆಗಳು. ಎದ್ದು ನಿಂತ ಬಂಡೆಯ ಒಂದು ಮಗ್ಗುಲು ಬೆಳಗಿ ಇನ್ನೊಂದು ಮಗ್ಗುಲು ಕಪ್ಪಾದಾಗ ಮಾತ್ರ ಆಳವೆಂಬುದು ಚಿತ್ರದೊಳಕ್ಕೆ ಬರುತ್ತದೆ.

ಇಂದಿನ ಕ್ಯಾಮರಾ ಹಿಡಿದವರ ಪಾಡೇ ಇದಾದರೆ ಮೊದಲು ಹೋದವರ ಪಾಡು ಎಂತಹುದು? ಒಂದೇ ಕೈಯ ಮೇಜರ್ ಜಾನ್ ವೆಸ್ಲಿ ಪವೆಲ್ ೧೮೬೯ರಲ್ಲಿ ದೋಣಿಗಳಲ್ಲಿ ಈ ಕಂದರಗಳನ್ನು ಹಾಯ್ದು ಬಂದ ಕಥೆ ಪ್ರಸಿದ್ಧವಾಗಿದೆ. ಬಲಗೈಯನ್ನು ೧೮೬೨ರ ಷೈಲೋ ಯುದ್ಧದಲ್ಲಿ ಕಳೆದುಕೊಂಡಿದ್ದ ಆತನ ಆ ಮೊದಲ ಪ್ರಯಾಣದಲ್ಲಿ ಕ್ಯಾಮರಾ ಇರಲಿಲ್ಲ. ೧೮೭೧ರಲ್ಲಿ ಎರಡನೆಯ ಸಲ ಹೊರಟಾಗ ಆತನು ಬೀಮನ್ ಎಂಬ ಛಾಯಾಚಿತ್ರಗಾರನನ್ನು ಕರೆದುಕೊಂಡು ಹೊರಟನು. ಆಗ ಬಳಕೆಯಲ್ಲಿದ್ದದ್ದು ಒದ್ದೆ ಗಾಜಿನ ಪದ್ಧತಿ. ಗಾಜಿನ ಫಲಕಕ್ಕೆ ಕೊಲೋಡಿಯನ್ ಎಂಬ ಅಂಟುದ್ರವವನ್ನು ಎರೆದು, ಕತ್ತಲೆಯ ಡೇರೆಯೊಳಗೆ ಅದನ್ನು ಬೆಳ್ಳಿಯ ಲವಣದ ನೀರಿನಲ್ಲಿ ಅದ್ದಿ, ಒದ್ದೆಯಿರುವಾಗಲೇ ಕ್ಯಾಮರಾಕ್ಕೆ ಸೇರಿಸಿ, ಬೆಳಕು ಕೊಟ್ಟು, ಮತ್ತೆ ಡೇರೆಗೆ ಓಡಿ, ಆರುವ ಮುನ್ನ ತೊಳೆದು ಮುಗಿಸಬೇಕು. ಎಲ್ಲಕ್ಕೂ ಇರುವ ಅವಕಾಶ ಕೆಲವೇ ನಿಮಿಷ. ಮರುಭೂಮಿಯ ಬಿಸಿಲಿನಲ್ಲಿ ಅದೂ ಇಲ್ಲ. ಗಾಜು ಬೇಗ ಒಣಗುತ್ತದೆ, ಅಂಟಿಗೆ ಧೂಳು ಹತ್ತುತ್ತದೆ, ತೊಳೆಯುವ ನೀರಿನಲ್ಲಿ ಕೆಂಪು ಮಣ್ಣು ತುಂಬಿರುತ್ತದೆ. ಈ ಡೇರೆ, ರಸಾಯನಗಳು, ಗಾಜುಗಳು, ಪೆಟ್ಟಿಗೆಗಳು ಎಲ್ಲವನ್ನೂ ಬಂಡೆಗಳ ಮೇಲೆ ಹೊತ್ತು ಹತ್ತಬೇಕು. ಹೊರುವವರು ಅವನ್ನು ಶಪಿಸಿದ್ದರೆ ಆಶ್ಚರ್ಯವಿಲ್ಲ.

ಬೀಮನ್‌ಗೂ ಪವೆಲ್‌ಗೂ ಸರಿಹೋಗದೆ ೧೮೭೨ರ ಆದಿಯಲ್ಲಿ ಆತನು ಬಿಟ್ಟು ಹೋದನು. ಅವನ ಬದಲಿಗೆ ಬಂದ ಫೆನೆಮೋರ್ ಎಂಬುವನು ಕಾಯಿಲೆ ಬಿದ್ದನು. ಆಗ ಕೆಲಸವನ್ನು ಕೈಗೆತ್ತಿಕೊಂಡವನು ಒಬ್ಬ ದೋಣಿಗಾರ. ಜಾಕ್ ಹಿಲ್ಲರ್ಸ್ ಎಂದು ಅವನ ಹೆಸರು, ಜರ್ಮನಿಯಲ್ಲಿ ಹುಟ್ಟಿದವನು, ಹುಟ್ಟು ಹಾಕುವುದಕ್ಕೆಂದು ಸೇರಿದವನು. ಇತರರು ಕೆಲಸ ಮಾಡುವಾಗ ಸಹಾಯಕ್ಕೆ ನಿಂತು, ನೋಡಿ, ಕೇಳಿ, ಕಲಿತುಕೊಂಡಿದ್ದನು. ಇವನು ಮುಂದೆ ಪವೆಲ್ಲನ ಮೋಜಣಿಯ ಮುಖ್ಯ ಛಾಯಾಚಿತ್ರಗಾರನಾದನು. ವಿದ್ಯೆಗೆ ಯಾವ ಬಾಗಿಲಿನಿಂದ ಪ್ರವೇಶ ದೊರೆಯುವುದೋ ಹೇಳಲು ಬರುವುದಿಲ್ಲ.

ಅದೇ ೧೮೭೧ರಲ್ಲಿ ಲೆಫ್ಟಿನೆಂಟ್ ವೀಲರ್ ಎಂಬ ಸೇನಾಧಿಕಾರಿಯ ಮೋಜಣಿಯ ಜತೆಯಲ್ಲಿ ಟಿಮೊಥಿ ಓಸಲಿವನ್ ಹೋದನು. ಅಂತರ್ಯುದ್ಧದ ರಣರಂಗಗಳ ಚಿತ್ರಗಳಿಂದ ಅವನಿಗೆ ಆಗಲೇ ಹೆಸರು ಬಂದಿತ್ತು. ಇವರು ಮಾಡಿದ ಸಾಹಸವೆಂದರೆ ಪ್ರವಾಹಕ್ಕೆ ಎದುರಾಗಿ ದೋಣಿಗಳನ್ನು ಎಳೆದುಕೊಂಡು ಕಂದರವನ್ನು ಹೊಕ್ಕದ್ದು. ಓಸಲಿವನ್ನನ ದೋಣಿಯ ಹೆಸರೇ 'ಚಿತ್ರ'. ಅಷ್ಟು ಕಷ್ಟದಿಂದ ಮಾಡಿದ ಗಾಜುಗಳಲ್ಲಿ ಬಹುಪಾಲು ಪೂರ್ವದೇಶಕ್ಕೆ ಸಾಗಿಸುವಾಗ ಹಾಳಾದುವೆಂದು ಹೇಳುತ್ತಾರೆ.

ಓಸಲಿವನ್ ೧೮೭೩ರಲ್ಲಿ ತೆಗೆದ ಇನ್ನೊಂದು ಚಿತ್ರ ಉಳಿದಿದೆ. ಅದು ಆರಿಜೋನಾದ ಈಶಾನ್ಯ ಭಾಗದಲ್ಲಿರುವ ಕ್ಯಾನಿಯನ್ ಡ ಷೇ ಎಂಬ ಕಂದರದ್ದು. ನೂರಾರು ಅಡಿಗಳ ನೇರವಾದ ಕಲ್ಲುಗೋಡೆಯ ಬುಡದಲ್ಲಿ, ಗುಹೆಯಂಥ ಬಿರುಕಿನೊಳಗೆ, ಪೂರ್ವಕಾಲದ ಜನರು ಕಟ್ಟಿದ ಮನೆಗಳ ಹಾಳು. ಅದರಲ್ಲಿ ಬೆಂಕಿಕಡ್ಡಿಯಷ್ಟು ಸಣ್ಣವರಾಗಿ ನಿಂತ ಮನುಷ್ಯರು. ಗೋಡೆಯ ಮೇಲೆ ಮಳೆನೀರು ಇಳಿದು ಆದ ಕಪ್ಪು ಪಟ್ಟೆಗಳು ಚಿತ್ರದ ಬಹುಭಾಗವನ್ನು ತುಂಬಿವೆ. ಸುಮಾರು ಎಪ್ಪತ್ತು ವರ್ಷಗಳ ಮೇಲೆ ಆನ್ಸೆಲ್ ಆಡಮ್ಸ್ ಎಂಬ ಹೆಸರಾಂತ ಛಾಯಾಚಿತ್ರಗಾರನು ಹೆಚ್ಚುಕಡಮೆ ಅದೇ ಜಾಗದಲ್ಲಿ ನಿಂತು ಅದೇ ನೋಟವನ್ನು ತೆಗೆದನು. ಓಸಲಿವನ್ನನ ಚಿತ್ರವನ್ನು ನೋಡುವವನಿಗೆ ಇದೊಂದು ಜನವಿಲ್ಲದ, ಕಾಲವೇ ನಿಂತುಹೋದ ದೇಶವೆಂದು ತೋರುತ್ತದೆ. ನಿಜಸ್ಥಿತಿ ಹಾಗಿರಲಿಲ್ಲ. ಆ ಚಿತ್ರಕ್ಕೆ ಒಂಬತ್ತು ವರ್ಷ ಮುಂಚೆ, ೧೮೬೪ರಲ್ಲಿ, ಸೈನ್ಯವು ಆ ಕಂದರಕ್ಕೆ ನುಗ್ಗಿ, ನವಾಹೋ ಜನರ ಹೊಲಗಳನ್ನೂ ಹಣ್ಣಿನ ಗಿಡಗಳನ್ನೂ ಕಡಿದು ಸುಟ್ಟು, ಅವರನ್ನು ನೂರಾರು ಮೈಲಿ ನಡೆಸಿಕೊಂಡು ಹೋಗಿ ಸೆರೆಯಲ್ಲಿಟ್ಟಿತ್ತು. ೧೮೬೮ರಲ್ಲಿ ಅವರು ಹಿಂದಿರುಗಿದರು. ಇಂದಿಗೂ ಆ ಕಂದರದ ತಳದಲ್ಲಿ ಜೋಳ ಬೆಳೆಯುವವರೂ ಕುರಿ ಮೇಯಿಸುವವರೂ ಅವರೇ. ಕ್ಯಾಮರಾ ಸುಳ್ಳು ಹೇಳುವುದಿಲ್ಲವೆಂಬ ಮಾತನ್ನು ಕೇಳುವಾಗಲೆಲ್ಲ ನಮಗೆ ಈ ಚಿತ್ರದ ನೆನಪಾಗುತ್ತದೆ. ಅದು ಸುಳ್ಳು ಹೇಳಿಲ್ಲ. ಒಂದು ನಿಜವನ್ನು ಹೇಳದೆ ಬಿಟ್ಟಿದೆ.

ಹೋಪಿ ಜನರ ಅನುಭವ ಇನ್ನೊಂದು ಬಗೆಯದು. ಅವರ ಪವಿತ್ರವಾದ ಸರ್ಪನೃತ್ಯವನ್ನು ನೋಡಲು ರೈಲು ಬಂದ ಮೇಲೆ ಪ್ರವಾಸಿಗಳ ನೂಕುನುಗ್ಗಲಾಯಿತು. ಒಬ್ಬೊಬ್ಬನ ಕೈಯಲ್ಲೂ ಒಂದೊಂದು ಕ್ಯಾಮರಾ. ಪೂಜೆ ಮಾಡುವವರಿಗೇ ನಿಲ್ಲಲು ಜಾಗವಿಲ್ಲದಂತಾದಾಗ ಅವರು ಕ್ಯಾಮರಾಗಳನ್ನು ಬೇಡವೆಂದರು. ಈಗಲೂ ಹೋಪಿ ಗ್ರಾಮಗಳಲ್ಲಿ ಚಿತ್ರ ತೆಗೆಯಕೂಡದು, ಬರೆದುಕೊಳ್ಳಲೂಕೂಡದು. ನಮ್ಮ ಗರ್ಭಗುಡಿಗಳ ಬಾಗಿಲಲ್ಲಿಯೂ ಇಂಥ ಫಲಕವಿರುವುದನ್ನು ಬಲ್ಲ ನಮಗೆ ಇದು ಅತಿಯೆಂದು ತೋರಲಿಲ್ಲ. ಕ್ಯಾಮರಾವನ್ನು ಚೀಲದಲ್ಲಿಟ್ಟು ಹೋದೆವು.

ಇನ್ನು ಈ ಭಾಷಣದ ಮುಖ್ಯವಾದ ಕಥೆಗೆ ಬರೋಣ. ೧೮೮೯ರಲ್ಲಿ ಡೆನ್ವರಿನ ಫ್ರಾಂಕ್ ಬ್ರೌನ್ ಎಂಬ ಉದ್ಯಮಿಯು ಕೊಲರಾಡೋ ನದಿಯ ದಡದಲ್ಲಿ, ಈ ಕಂದರಗಳ ತಳದಲ್ಲಿಯೇ, ಸಮುದ್ರದವರೆಗೆ ರೈಲುದಾರಿ ಹಾಕಬೇಕೆಂದು ಹೊರಟನು. ನಗಬೇಡಿ, ಆ ಕಾಲದಲ್ಲಿ ಅಮೆರಿಕಾದವರು ರೈಲು ಹಾಕಲಾರದ ಜಾಗವೊಂದುಂಟೆಂದು ಒಪ್ಪುತ್ತಿರಲಿಲ್ಲ. ಮೋಜಣಿಗೆ ರಾಬರ್ಟ್ ಬ್ರೂಸ್ಟರ್ ಸ್ಟಾಂಟನ್ ಎಂಬ ಇಂಜಿನಿಯರು ಜತೆಯಾದನು. ದೋಣಿಗಳು ಹಗುರವಾದವು, ತೇಲುವ ಅಂಗಿಗಳನ್ನು ತಂದಿರಲಿಲ್ಲ. ಜುಲೈ ೧೦ರಂದು ಬ್ರೌನನ ದೋಣಿ ಮಗುಚಿ ಆತನು ಮುಳುಗಿಹೋದನು. ಐದು ದಿನಗಳ ಮೇಲೆ ಇನ್ನಿಬ್ಬರು. ಉಳಿದವರು ಪಕ್ಕದ ಕಮರಿಯೊಂದನ್ನು ಹತ್ತಿ ಮೇಲೆ ಬಂದರು.

ಸ್ಟಾಂಟನ್ ಬಿಡಲಿಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ ಗಟ್ಟಿಯಾದ ದೋಣಿಗಳನ್ನೂ ತೇಲುವ ಅಂಗಿಗಳನ್ನೂ ತಂದು ಮತ್ತೆ ಹೊರಟನು. ಸಂಗಡ ಫ್ರಾಂಕ್ಲಿನ್ ನಿಮ್ಸ್ ಎಂಬ ಛಾಯಾಚಿತ್ರಗಾರನಿದ್ದನು. ೧೮೯೦ರ ಜನವರಿ ೧ರಂದು, ಹೊಸ ವರ್ಷದ ದಿನವೇ, ಚಿತ್ರ ತೆಗೆಯಲು ಬಂಡೆಯ ಮೇಲೆ ಹತ್ತಿದ್ದ ನಿಮ್ಸ್ ಸುಮಾರು ಇಪ್ಪತ್ತು ಅಡಿ ಕೆಳಕ್ಕೆ ಬಿದ್ದು ಕಾಲು ಮುರಿದುಕೊಂಡು ಪ್ರಜ್ಞೆ ತಪ್ಪಿದನು. ಡೋಲಿಯಂಥದೊಂದನ್ನು ಕಟ್ಟಿ, ಅವನನ್ನು ಅದರಲ್ಲಿ ಮಲಗಿಸಿ, ಸಾವಿರಾರು ಅಡಿ ಎತ್ತರದ ಕಡಿದಾದ ಕಮರಿಯಲ್ಲಿ ಹೊತ್ತು ಏರಿಸಿದರು. ಆತನ ಪ್ರಾಣ ಉಳಿಯಿತು.

ಕ್ಯಾಮರಾ ಮಾತ್ರ ಕೆಳಗೆ ಉಳಿಯಿತು. ಸ್ಟಾಂಟನ್ನಿಗೆ ಆ ವಿದ್ಯೆ ಬಾರದು. ಆದರೂ ತಾನೇ ಅದನ್ನು ಹಿಡಿದನು. ಅವನ ಆಲೋಚನೆ ಸರಳವಾಗಿತ್ತು. ಹಣ ಹಾಕುವ ಸಾಹುಕಾರರು ಪೂರ್ವದ ಪಟ್ಟಣಗಳಲ್ಲಿ ಕುಳಿತಿದ್ದಾರೆ. ಅವರಿಗೆ ದಾರಿಯ ಒಂದೊಂದು ತಿರುವನ್ನೂ ತೋರಿಸಿದರೆ ನಂಬುತ್ತಾರೆ. ಆದುದರಿಂದ ಸುಂದರವಾದ ನೋಟಕ್ಕಾಗಿ ಕಾಯದೆ, ನದಿಯ ತಿರುವು ತಿರುವಿನಲ್ಲಿಯೂ ನಿಂತು, ಮೇಲುಗಡೆಗೊಂದು ಕೆಳಗಡೆಗೊಂದು ಚಿತ್ರ ತೆಗೆಯುತ್ತ ಹೋದನು. ಗ್ರಾಂಡ್ ಕ್ಯಾನಿಯನ್ ಒಂದರಲ್ಲಿಯೇ ನಾಲ್ಕು ನೂರಕ್ಕೆ ಮೇಲ್ಪಟ್ಟ ಚಿತ್ರಗಳಾದುವು. ಏಪ್ರಿಲಿನಲ್ಲಿ ಕ್ಯಾಲಿಫೋರ್ನಿಯಾ ಕೊಲ್ಲಿಯ ಸಮುದ್ರವನ್ನು ಮುಟ್ಟಿದನು. ರೈಲುದಾರಿ ಸಾಧ್ಯವೆಂದು ಅವನು ಕಡೆಯವರೆಗೂ ನಂಬಿದ್ದನು. ಸಾಹುಕಾರರು ನಂಬಲಿಲ್ಲ. ಒಂದು ಗಜ ಕಂಬಿಯೂ ಬೀಳಲಿಲ್ಲ. ಮೂವರ ಪ್ರಾಣ ತೆಗೆದುಕೊಂಡ ಆ ಕೆಲಸದಿಂದ ಉಳಿದದ್ದು ಸೊಗಸಿಲ್ಲದ ಕೆಲವು ನೂರು ಚಿತ್ರಗಳು. ಇವನ್ನು ಇಲ್ಲಿಯೇ ನಿಲ್ಲಿಸಿ ಅಂಚಿನ ಮೇಲಿನ ಒಂದು ಮನೆಯ ವಿಷಯವನ್ನು ಹೇಳಿ ಹಿಂದಿರುಗುತ್ತೇವೆ.

ಎಲ್ಸ್‌ವರ್ತ್ ಕೋಲ್ಬ್, ಎಮರಿ ಕೋಲ್ಬ್ ಎಂಬ ಇಬ್ಬರು ಅಣ್ಣತಮ್ಮಂದಿರು ಪಿಟ್ಸ್‌ಬರ್ಗಿನಿಂದ ಬಂದು, ಬ್ರೈಟ್ ಏಂಜೆಲ್ ಎಂಬ ಕಾಲುದಾರಿ ಕಂದರಕ್ಕೆ ಇಳಿಯುವ ತುದಿಯಲ್ಲಿ ೧೯೦೪ರಲ್ಲಿ ತಮ್ಮ ಚಿತ್ರಶಾಲೆಯನ್ನು ಕಟ್ಟಿದರು. ಬೆಳಗ್ಗೆ ಹೇಸರಗತ್ತೆಗಳ ಮೇಲೆ ಕುಳಿತು ಇಳಿಯುವ ಪ್ರವಾಸಿಗಳ ಚಿತ್ರ ತೆಗೆದು, ಅವರು ಹಿಂದಿರುಗುವ ವೇಳೆಗೆ ಪ್ರತಿಗಳನ್ನು ಸಿದ್ಧವಾಗಿಟ್ಟು ಮಾರುವುದು ಅವರ ಜೀವನೋಪಾಯ. ತೊಡಕೆಂದರೆ, ಅಂಚಿನ ಮೇಲೆ ನೀರಿಲ್ಲ. ನೀರಿಲ್ಲದೆ ತೊಳೆಯುವುದು ಹೇಗೆ? ನೀರಿದ್ದದ್ದು ನಾಲ್ಕೂವರೆ ಮೈಲಿ ದೂರದಲ್ಲಿ, ಮೂರು ಸಾವಿರ ಅಡಿ ಕೆಳಗೆ, ಒಂದು ಊಟೆಯ ಬಳಿ. ಎಮರಿಯು ಗಾಜುಗಳನ್ನು ಹೊತ್ತು ಹೇಸರಗತ್ತೆಗಳನ್ನು ಹಿಂದೆ ಹಾಕಿ ಅಲ್ಲಿಗೆ ಓಡಿ, ತೊಳೆದು, ಪ್ರತಿ ಹಾಕಿ, ಮತ್ತೆ ಮೂರು ಸಾವಿರ ಅಡಿ ಓಡಿ ಹತ್ತುತ್ತಿದ್ದನು. ಈ ದಾರಿಯಲ್ಲಿ ಒಂದು ಸಲ ಇಳಿದು ಹತ್ತಿ ಎರಡು ದಿನ ಹಾಸಿಗೆ ಹಿಡಿದ ನಮಗೆ ಇದನ್ನು ನಂಬುವುದೇ ಕಷ್ಟವಾಯಿತು.

ಈ ಸಹೋದರರು ೧೯೧೧ರ ಶರತ್ಕಾಲದಲ್ಲಿ ದೋಣಿಗಳಲ್ಲಿ ಹೊರಟು, ೧೯೧೨ರ ಜನವರಿಯವರೆಗೆ ವಯೋಮಿಂಗಿನಿಂದ ಕ್ಯಾಲಿಫೋರ್ನಿಯಾದ ನೀಡಲ್ಸ್‌ವರೆಗಿನ ನದಿಯನ್ನು ಚಲಚ್ಚಿತ್ರವಾಗಿ ತೆಗೆದರು. ಆ ಚಿತ್ರವನ್ನು ಎಮರಿಯು ತನ್ನ ಮನೆಯ ಸಭಾಂಗಣದಲ್ಲಿ ೧೯೭೬ರಲ್ಲಿ ತೊಂಬತ್ತೈದನೆಯ ವಯಸ್ಸಿನಲ್ಲಿ ತೀರಿಕೊಳ್ಳುವ ತನಕ ಬಂದವರಿಗೆ ತೋರಿಸುತ್ತಿದ್ದನು. ಹಟಗಾರನೆಂದು ಅವನಿಗೆ ಹೆಸರು. ೧೯೩೭ರಲ್ಲಿ ನ್ಯೂಯಾರ್ಕಿನ ಪ್ರಾಣಿಶಾಸ್ತ್ರಜ್ಞರ ತಂಡವೊಂದು, ಹಿಂದೆ ಹೇಳಿದ ಶಿವ ದೇವಾಲಯದ ನೆತ್ತಿಯನ್ನು ಹತ್ತಿ, ಲೋಕದಿಂದ ಬೇರ್ಪಟ್ಟ ಆ ತಾಣದಲ್ಲಿ ವಿಚಿತ್ರವಾದ ಪ್ರಾಣಿಗಳಿರಬಹುದೆಂದು ಹುಡುಕಿತು. ಹೊಸ ಪ್ರಾಣಿ ಯಾವುದೂ ಸಿಕ್ಕಲಿಲ್ಲ. ಸಿಕ್ಕಿದ್ದರಲ್ಲಿ ಒಂದು, ಕೊಡಕ್ ಫಿಲ್ಮಿನ ಖಾಲಿ ಪೆಟ್ಟಿಗೆ. ಎಮರಿಯನ್ನು ತಂಡಕ್ಕೆ ಸೇರಿಸಿಕೊಳ್ಳದೆ ಹೋದುದರಿಂದ ಅವನು ಮುಂಚೆಯೇ ಹತ್ತಿ ಅದನ್ನು ಅಲ್ಲಿ ಬಿಟ್ಟು ಬಂದಿದ್ದನೆಂದು ಹೇಳುತ್ತಾರೆ.

ಎಮರಿ ಓಡಿಹೋಗುತ್ತಿದ್ದ ಊಟೆಯ ಪಕ್ಕದಲ್ಲಿ ಹವಸುಪಾಯ್ ಜನರ ತೋಟವಿತ್ತು. ರಾಷ್ಟ್ರೀಯ ಉದ್ಯಾನವಾದ ಮೇಲೆ ಅವರನ್ನು ಅಲ್ಲಿಂದ ಎಬ್ಬಿಸಿದರು; ಕಡೆಯವನು ೧೯೨೮ರಲ್ಲಿ ಹೊರಟುಹೋದನು. ಬಹುಕಾಲ ಆ ಜಾಗಕ್ಕೆ 'ಇಂಡಿಯನ್ ಗಾರ್ಡನ್' ಎಂಬ ಹೆಸರಿತ್ತು. ೨೦೨೨ರಲ್ಲಿ ಆ ಜನರ ಕೋರಿಕೆಯಂತೆ ಹವಸುಪಾಯ್ ತೋಟವೆಂದು ಹೆಸರಿಟ್ಟಿದ್ದಾರೆ.

ಸ್ಟಾಂಟನ್ನನ ಚಿತ್ರಗಳಿಗೆ ಹಿಂದಿರುಗೋಣ. ಆರಿಜೋನಾದ ಟೂಸಾನ್ ನಗರದ ಪಕ್ಕದಲ್ಲಿ ಟುಮಾಮೋಕ್ ಎಂಬ ಗುಡ್ಡವಿದೆ. ೧೯೦೩ರಲ್ಲಿ ಕಾರ್ನೆಗೀ ಸಂಸ್ಥೆಯವರು ಅದರ ಮೇಲೆ ಮರುಭೂಮಿಯ ಗಿಡಮರಗಳ ಅಧ್ಯಯನಕ್ಕಾಗಿ ಪ್ರಯೋಗಶಾಲೆಯನ್ನು ತೆರೆದರು. ಹಳೆಯ ಚಿತ್ರವೊಂದನ್ನು ತೆಗೆದ ಜಾಗವನ್ನು ಹುಡುಕಿ, ಅಲ್ಲಿಯೇ ನಿಂತು ಮತ್ತೊಂದು ಚಿತ್ರ ತೆಗೆದು, ಎರಡನ್ನೂ ಹೋಲಿಸಿ ನಾಡಿನ ಬದಲಾವಣೆಯನ್ನು ತಿಳಿಯುವ ಪದ್ಧತಿಯು ಈ ಗುಡ್ಡದ ವಿದ್ವಾಂಸರ ಕೈಯಲ್ಲಿ ಶಾಸ್ತ್ರವೇ ಆಯಿತು. ಹೇಸ್ಟಿಂಗ್ಸ್ ಮತ್ತು ಟರ್ನರ್ ಎಂಬುವರು ಈ ಬಗೆಯ ದೊಡ್ಡ ಗ್ರಂಥವನ್ನು ೧೯೬೫ರಲ್ಲಿ ಪ್ರಕಟಿಸಿದರು. ಮುಂದೆ ರಾಬರ್ಟ್ ವೆಬ್ ಎಂಬ ಜಲಶಾಸ್ತ್ರಜ್ಞನು ಸಂಗಡಿಗರೊಂದಿಗೆ ನದಿಗಿಳಿದು, ಸ್ಟಾಂಟನ್ ಹೋದ ಸುಮಾರು ನೂರು ವರ್ಷಗಳ ತರುವಾಯ, ಅವನ ಚಿತ್ರಗಳ ಜಾಗಗಳನ್ನು ಒಂದೊಂದಾಗಿ ಹುಡುಕಿ ನಿಂತನು.

ಜಾಗವನ್ನು ಹುಡುಕುವುದು ಸುಲಭವೆಂದು ತೋರಬಹುದು. ನಾವೂ ಹಾಗೆಂದೇ ತಿಳಿದು, ಕಾಲುದಾರಿಯ ಹಳೆಯ ಚಿತ್ರವೊಂದರ ಪ್ರತಿಯನ್ನು ಕೈಯಲ್ಲಿ ಹಿಡಿದು ಇಳಿದೆವು. ಉಪಾಯ ಇದು: ಚಿತ್ರದಲ್ಲಿ ಹತ್ತಿರದ ಒಂದು ಬಂಡೆಯನ್ನೂ ದೂರದ ಒಂದು ಶಿಖರವನ್ನೂ ಗೊತ್ತುಮಾಡಿಕೊಳ್ಳುವುದು. ನಿಂತು ನೋಡುವಾಗ ಹತ್ತಿರದ ಬಂಡೆಯು ಶಿಖರಕ್ಕೆ ಚಿತ್ರದಲ್ಲಿರುವುದಕ್ಕಿಂತ ಎಡಕ್ಕೆ ಸರಿದಿದ್ದರೆ ನಾವು ಬಲಕ್ಕೆ ಹೆಚ್ಚಾಗಿ ಬಂದಿದ್ದೇವೆಂದು ಅರ್ಥ, ಎಡಕ್ಕೆ ಸರಿಯಬೇಕು. ಹೀಗೆಯೇ ಮೇಲೆ, ಕೆಳಗೆ, ಮುಂದೆ, ಹಿಂದೆ. ಕಡೆಗೆ ಗೇಣು ಗೇಣಾಗಿ. ಜಾಗ ಸಿಕ್ಕಿದ ಮೇಲೆ ನೆರಳು ಚಿತ್ರದಲ್ಲಿರುವಂತೆ ಬೀಳುವ ಹೊತ್ತಿಗೆ ಕಾಯಬೇಕು, ಋತುವೂ ಹೊಂದಬೇಕು. ಎರಡು ತಾಸು ನಾವು ಬಂಡೆಗಳ ನಡುವೆ ಏಡಿಗಳಂತೆ ಓಡಾಡಿದೆವು. ಅಷ್ಟರಲ್ಲಿ ಮಿತ್ರರು ನಮ್ಮ ನೀರಿನ ಸೀಸೆಯನ್ನು ಅಲ್ಲಾಡಿಸಿ ನೋಡಿ, ಅರ್ಧಕ್ಕಿಂತ ಕಡಮೆಯಿರುವುದನ್ನು ಕಂಡು, "ಇನ್ನು ಹತ್ತಿ" ಎಂದರು. ಕಂದರವು ತಲೆಕೆಳಗಾದ ಬೆಟ್ಟ. ಬೆಟ್ಟದಲ್ಲಿ ಮೊದಲು ಹತ್ತಿ ದಣಿದ ಮೇಲೆ ಇಳಿಯುತ್ತೇವೆ. ಇಲ್ಲಿ ಸುಖವಾಗಿ ಇಳಿದು, ದಣಿದ ಮೇಲೆ ಹತ್ತಬೇಕು. ಇಳಿದಷ್ಟೂ ಸೆಕೆ ಹೆಚ್ಚು. ನಾವು ಹುಡುಕಿದ ಜಾಗವು ದಾರಿ ಅಗಲ ಮಾಡಿದಾಗ ಇಲ್ಲವಾಗಿರಬಹುದೆಂದು ಅವರು ಮೇಲೆ ಬಂದ ಮೇಲೆ ಹೇಳಿದರು. ಮೊದಲೇ ಹೇಳಬಹುದಿತ್ತು.

ವೆಬ್ ಮತ್ತು ಆತನ ಸಂಗಡಿಗರು ಕಂಡುದೇನು? ಸ್ಟಾಂಟನ್ನನ ಚಿತ್ರಗಳ ಮುಂಭಾಗದಲ್ಲಿ ಅವನು ಗಮನಿಸದೆಯೇ ಸೇರಿಹೋಗಿದ್ದ ಮೋಟು ಪೊದೆಗಳಿದ್ದುವು. ನೂರು ವರ್ಷಗಳ ಮೇಲೆ ಅಲ್ಲಿಗೆ ಹೋದರೆ ಅವುಗಳಲ್ಲಿ ಎಷ್ಟೋ ಪೊದೆಗಳು, ಅದೇ ಜಾತಿಯವಲ್ಲ, ಅವೇ ಪೊದೆಗಳು, ಅದೇ ಕಲ್ಲಿನ ಪಕ್ಕದಲ್ಲಿ ಜೀವಂತವಾಗಿ ನಿಂತಿದ್ದುವು. ಮೊಣಕಾಲೆತ್ತರದ ಗಿಡವೊಂದು ಶತಾಯುಷಿಯೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಎಲ್ಲಿ ದೊರೆಯಬೇಕು? ಇದಕ್ಕೆ ಪ್ರತಿಯಾಗಿ, ಶಾಶ್ವತವೆಂದು ನಾವು ತಿಳಿಯುವ ಕಲ್ಲುಗಳ ಕಡೆ ಬದಲಾವಣೆಯಿತ್ತು. ಪಕ್ಕದ ಕಮರಿಗಳಲ್ಲಿ ಜಡಿಮಳೆಯಾದಾಗ ಮಣ್ಣು ಬಂಡೆಗಳು ಕೆಸರಿನ ಹೊಳೆಯಾಗಿ ಇಳಿದು ನದಿಯನ್ನು ಅರೆಗಟ್ಟಿ ಹೊಸ ಸೆಳವುಗಳನ್ನು ಉಂಟುಮಾಡಿದ್ದುವು. ೧೯೬೬ರ ಡಿಸೆಂಬರಿನ ಒಂದು ಬಿರುಮಳೆ ಕ್ರಿಸ್ಟಲ್ ಎಂಬಲ್ಲಿಯ ಸಾಧಾರಣ ಸೆಳವನ್ನು ದೋಣಿಗಾರರು ನಡುಗುವ ಜಾಗವನ್ನಾಗಿ ಮಾಡಿತು. ನದಿಯ ದಡಗಳೂ ಬೇರೆಯಾಗಿದ್ದುವು. ಸ್ಟಾಂಟನ್ನನ ಕಾಲದಲ್ಲಿ ಪ್ರತಿ ವರ್ಷದ ಮಹಾಪೂರವು ದಡವನ್ನು ಗುಡಿಸಿ ಬೋಳಾಗಿಸುತ್ತಿತ್ತು. ಈಗ ಅಲ್ಲಿ ಹಸುರು ಪೊದೆಗಳ ದಟ್ಟವಾದ ಸಾಲು. ರೈಲಿಗಾಗಿ ತೆಗೆದ ಚಿತ್ರಗಳು, ಸುಂದರವಾದ ನೋಟವನ್ನು ಆರಿಸದೆ ಎಲ್ಲವನ್ನೂ ತೆಗೆದುದರಿಂದಲೇ, ಹೀಗೆ ಸಾಕ್ಷಿಗಳಾದುವು.

ಚಿತ್ರದೊಳಗೆ ಕಾಲವು ಅಡಗಿರುವುದಕ್ಕೆ ಇನ್ನೊಂದು ಉದಾಹರಣೆ ಮನಸ್ಸಿಗೆ ಬರುತ್ತದೆ. ಮೇಲೆ ಹೇಳಿದ ಆನ್ಸೆಲ್ ಆಡಮ್ಸ್ ಒಂದು ಸಂಜೆ ನ್ಯೂ ಮೆಕ್ಸಿಕೋದಲ್ಲಿ ಮೋಟಾರಿನಲ್ಲಿ ಬರುತ್ತಿದ್ದಾಗ, ಹರ್ನಾಂಡೆಸ್ ಎಂಬ ಹಳ್ಳಿಯ ಮೇಲೆ, ಹಿಮದ ಪರ್ವತಗಳ ಹಿಂದಿನಿಂದ ಚಂದ್ರ ಏರಿರುವುದನ್ನು ಕಂಡನು. ಸ್ಮಶಾನದ ಶಿಲುಬೆಗಳ ಮೇಲೆ ಕಡೆಯ ಬಿಸಿಲು. ಗಾಡಿ ನಿಲ್ಲಿಸಿ ಓಡಿದರೆ ಬೆಳಕಳೆಯುವ ಸಾಧನ ಸಿಕ್ಕಲಿಲ್ಲ. ಚಂದ್ರನ ಕಾಂತಿಯ ಪ್ರಮಾಣ ನೆನಪಿದ್ದುದರಿಂದ ಅದರ ಮೇಲೆ ಲೆಕ್ಕ ಹಾಕಿ ಒಂದೇ ಚಿತ್ರ ತೆಗೆದನು. ಎರಡನೆಯದಕ್ಕೆ ಕೈಹಾಕುವಷ್ಟರಲ್ಲಿ ಬಿಸಿಲು ಹೋಯಿತು. ಆ ಚಿತ್ರ ಲೋಕಪ್ರಸಿದ್ಧವಾಯಿತು. ಆದರೆ ತೆಗೆದವನಿಗೇ ಅದರ ವರ್ಷ ಮರೆತುಹೋಗಿತ್ತು. ಖಗೋಳಜ್ಞರು ಚಂದ್ರನ ಸ್ಥಾನದಿಂದ ಹಿಂದಕ್ಕೆ ಗಣಿಸಿ ೧೯೪೧ನೆಯ ಇಸವಿ ನವೆಂಬರ್ ೧ರ ಸಂಜೆಯೆಂದು ನಿರ್ಣಯಿಸಿದರು. ಪಂಚಾಂಗ ಬಲ್ಲ ನಮ್ಮ ಜೋಯಿಸರು ಇದನ್ನು ಮೆಚ್ಚುತ್ತಿದ್ದರು.

ನದಿಯ ದಡ ಹಸುರಾಯಿತೆಂದೆವಷ್ಟೆ; ಅದರ ಕಾರಣವನ್ನು ಹೇಳದೆ ಮುಗಿಸುವಂತಿಲ್ಲ. ಗ್ರಾಂಡ್ ಕ್ಯಾನಿಯನ್ನಿನ ಮೇಲುಗಡೆಯಲ್ಲಿ ಗ್ಲೆನ್ ಕ್ಯಾನಿಯನ್ ಎಂಬ ಕಂದರವಿತ್ತು. ಹೆಸರಿಟ್ಟವನು ಪವೆಲ್. ಇದು ಭಯಂಕರವಾದುದಲ್ಲ, ಸೌಮ್ಯವಾದುದು. ಮೆಲ್ಲಗೆ ಹರಿಯುವ ನೀರು. ಎರಡು ಕಡೆಯೂ ನುಣುಪಾದ ಕೆಂಪು ಮರಳುಗಲ್ಲಿನ ಗೋಡೆಗಳು. ನೂರಾರು ಇಕ್ಕಟ್ಟಾದ ಪಕ್ಕದ ಕಮರಿಗಳು. ಅಂಥ ಕಮರಿಗಳಲ್ಲಿ ಬಿಸಿಲು ನೇರವಾಗಿ ಬೀಳುವುದಿಲ್ಲ. ಒಂದು ಗೋಡೆಯಿಂದ ಇನ್ನೊಂದಕ್ಕೆ ಪುಟಿದು ಪುಟಿದು, ಪ್ರತಿ ಪುಟಿತದಲ್ಲಿಯೂ ಕೆಂಪೇರುತ್ತ ತಳಕ್ಕೆ ಇಳಿಯುತ್ತದೆ. ಅಲ್ಲಿ ಕಲ್ಲೇ ಒಳಗಿನಿಂದ ಉರಿಯುತ್ತಿರುವಂತೆ ಕಾಣುವುದುಂಟು.

ಇಲ್ಲಿ ಅಣೆಕಟ್ಟನ್ನು ಕಟ್ಟುವುದೆಂದು ೧೯೫೬ರಲ್ಲಿ ಗೊತ್ತಾಯಿತು. ಇನ್ನೊಂದು ಕಣಿವೆಯ ಅಣೆಕಟ್ಟನ್ನು ತಪ್ಪಿಸಲು ಹೋರಾಡುತ್ತಿದ್ದ ಸಿಯೆರಾ ಕ್ಲಬ್ಬಿನವರು ಅದು ಗೆದ್ದಾಗ ಇದಕ್ಕೆ ಅಡ್ಡಿ ಮಾಡಲಿಲ್ಲ. ಅವರಲ್ಲಿ ಬಹುಮಂದಿ ಗ್ಲೆನ್ ಕಂದರವನ್ನು ನೋಡಿಯೇ ಇರಲಿಲ್ಲ. ಎಲಿಯಟ್ ಪೋರ್ಟರ್ ಎಂಬ ಛಾಯಾಚಿತ್ರಗಾರನು ೧೯೬೦ರಿಂದ ಈಚೆಗೆ ಹಲವು ಸಲ ಅಲ್ಲಿಗೆ ಹೋಗಿ ಬಣ್ಣದ ಚಿತ್ರಗಳನ್ನು ತೆಗೆದನು: ಒದ್ದೆ ಕಲ್ಲಿನಲ್ಲಿ ಆಕಾಶದ ನೀಲಿ, ಗೋಡೆಯ ಬಿರುಕಿನ ಜರಿಗಿಡ, ಮರಳಿನ ಮೇಲೆ ನೀರಿನ ಗೆರೆಗಳು. 'ಯಾರೂ ಅರಿಯದ ತಾಣ' ಎಂಬ ಅರ್ಥದ ಹೆಸರಿನ ಅವನ ಪುಸ್ತಕವು ೧೯೬೩ರಲ್ಲಿ ಹೊರಬಂದಿತು. ಅದೇ ವರ್ಷದ ಮಾರ್ಚಿಯಲ್ಲಿ ಅಣೆಕಟ್ಟಿನ ಬಾಗಿಲುಗಳನ್ನು ಮುಚ್ಚಿದ್ದರು. ಪುಸ್ತಕವನ್ನು ತೆರೆದು ಕುಳಿತವರು ನೋಡುತ್ತಿದ್ದದ್ದು ಮುಳುಗುತ್ತಿದ್ದ ಊರನ್ನು. ಶರಾವತಿಯ ದಡದಿಂದ ಗಂಟುಮೂಟೆ ಕಟ್ಟಿಕೊಂಡು ಹೊರಟವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಣೆಕಟ್ಟಿನಿಂದ ಉಪಯೋಗವಿಲ್ಲವೆಂದು ನಾವು ಹೇಳುವುದಿಲ್ಲ. ಆ ಸೀಮೆಯ ಪಟ್ಟಣಗಳಿಗೆ ವಿದ್ಯುತ್ತು ಬೇಕು, ಹೊಲಗಳಿಗೆ ನೀರು ಬೇಕು. ನದಿ ಈಗ ಸಮುದ್ರವನ್ನು ಮುಟ್ಟುವುದೇ ಅಪರೂಪ. ಆದರೆ ಕಳೆದುಕೊಂಡದ್ದೇನೆಂಬುದರ ಲೆಕ್ಕವನ್ನು ಮುಂಚೆ ಯಾರೂ ಇಟ್ಟಿರಲಿಲ್ಲ. ಆ ಲೆಕ್ಕವೆಂದರೆ ಪೋರ್ಟರನಂಥವರ ಚಿತ್ರಗಳೇ.

ಜಲಾಶಯಕ್ಕೆ ಪವೆಲ್ ಸರೋವರವೆಂದು ಹೆಸರು. ಅದು ಮೊದಲ ಸಲ ಪೂರ್ತಿ ತುಂಬಿದ್ದು ೧೯೮೦ರಲ್ಲಿ. ೨೦೦೦ದಿಂದ ಈಚೆಗೆ ಬರಗಾಲಗಳು ಬಂದು ನೀರು ಇಳಿಯತೊಡಗಿ, ೨೦೨೩ರ ಆರಂಭದಲ್ಲಿ, ತುಂಬಿದ ಮೇಲೆ ಎಂದೂ ಕಾಣದಷ್ಟು ತಗ್ಗಿತು. ಗೋಡೆಗಳ ಮೇಲೆ ಹಳೆಯ ನೀರಿನ ಮಟ್ಟದವರೆಗೆ ಸುಣ್ಣ ಬಳಿದಂತೆ ಬಿಳಿಯ ಪಟ್ಟಿ ನಿಂತಿದೆ. ಪಕ್ಕದ ಕಮರಿಗಳಲ್ಲಿ ಮುಳುಗಿದ್ದ ಜಾಗಗಳು ಒಂದೊಂದಾಗಿ ಹೊರಬರುತ್ತಿವೆ. 'ಮರುಭೂಮಿಯ ಮಹಾಮಂದಿರ' ಎಂಬ ಅರ್ಥದ ಹೆಸರು ಹೊತ್ತ ಕಲ್ಲಿನ ಮಂಟಪವೊಂದು, ಅದರ ಸಣ್ಣ ಜಲಪಾತದೊಡನೆ, ೨೦೦೫ರಲ್ಲಿ ತಲೆಯೆತ್ತಿ, ಮತ್ತೆ ಮುಳುಗಿ, ಈಚಿನ ವರ್ಷಗಳಲ್ಲಿ ಮರಳಿ ಕಾಣಿಸಿಕೊಂಡಿತು. ಹಳೆಯ ಚಿತ್ರಗಳ ಪ್ರತಿಗಳನ್ನು ಹಿಡಿದು ಅಂಥ ಕಮರಿಗಳಿಗೆ ಹೋಗುವವರು ಈಗ ಇದ್ದಾರೆ. ನೆಲವಿದ್ದ ಕಡೆ ನೀರು ಬಿಟ್ಟುಹೋದ ಹೂಳಿನ ದಿಬ್ಬ. ಅದನ್ನು ಮಳೆನೀರು ಪ್ರತಿ ವರ್ಷ ಸ್ವಲ್ಪ ಸ್ವಲ್ಪವಾಗಿ ಕೊಚ್ಚಿಕೊಂಡು ಹೋಗುತ್ತಿದೆ. ಹೂಳಿನ ಮೇಲೆ ಕಾಟನ್‌ವುಡ್ ಸಸಿಗಳು ಎದ್ದಿವೆ. ಅವರು ಬಂಡೆಗೆ ಶಿಖರವನ್ನು ಹೊಂದಿಸಿ, ಎಡಕ್ಕೂ ಬಲಕ್ಕೂ ಸರಿದು ಜಾಗವನ್ನು ಗೊತ್ತುಮಾಡಿಕೊಂಡು, ಹಿಂದೆ ಕ್ಯಾಮರಾ ನಿಂತಿದ್ದ ಸ್ಥಳಕ್ಕಿಂತ ಎಷ್ಟೋ ಅಡಿ ಮೇಲೆ, ಕೆಸರಿನಲ್ಲಿ ಸ್ಟ್ಯಾಂಡಿನ ಕಾಲುಗಳನ್ನು ಊರಿ, ನೆರಳು ಸರಿಯಾದ ಜಾಗಕ್ಕೆ ಬರಲೆಂದು ಕಾಯುತ್ತ ಕುಳಿತಿರುತ್ತಾರೆ.